ಸೂರತ್‌ ಸೀರೆ, ಇಳಕಲ್‌ ಸೆರಗು

‘ಮಗ್ಗ ಸಾಕಾತಪಾ. ಸೂರತ್‌ನಿಂದ ಸೀರಿ ತಂದು ಊರಾಗ ಅಂಗಡಿ ಹಾಕ್ತೀನಿ. ನೀ ಮಾರ್ಕೆಟಿಂಗ್‌ನಾಗ ಅದಿಯಲ್ಲ, ಯಾವ ಸೀರಿ ಓಡತಾವು ಹೇಳು.’

ಕಳೆದ ವರ್ಷ ನವರಾತ್ರಿಗೆ ಮುಂಚೆ ಇಳಕಲ್‌ನಿಂದ ಕಾಕಾ ಫೋನ್‌ ಮಾಡಿ ಹೀಗೆಂದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಹನ್ನೊಂದು ವರ್ಷಗಳಿಂದ ಅಹಮದಾಬಾದಿನಲ್ಲಿ ಪ್ಯಾಕಿಂಗ್‌ ಯಂತ್ರ ಮಾರುವ ಕೆಲಸ ನನ್ನದು. ಆದರೆ ಮೂವತ್ತೈದು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಸಿ ಕೂತ ಮನುಷ್ಯನಿಗೆ ‘ಮಗ್ಗ ಬಿಡಿ’ ಎಂದಾಗಲಿ, ‘ಬಿಡಬೇಡಿ’ ಎಂದಾಗಲಿ ಹೇಳುವ ಧೈರ್ಯ ಬರಲಿಲ್ಲ. ‘ಬರ್ರಿ ಕಾಕಾ, ನೋಡೋಣು’ ಎಂದೆ.

ಬಂದ ಮೊದಲ ದಿನ ಮನೆ ಹತ್ತಿರದ ಕಿರಾಣಿ ಅಂಗಡಿಯಲ್ಲಿ ನಿರ್ಮಾ ಪುಡಿ ಕಂಡು, ‘ಇದು ಇಲ್ಲೀದ ಏನು?’ ಎಂದರು. ಹೌದು, ಇದೇ ಊರಿನದು. ಸರ್ಕಾರಿ ನೌಕರಿಯಲ್ಲಿದ್ದ ಕರ್ಸನ್‌ಭಾಯ್‌ ಪಟೇಲ್‌ 1969ರಲ್ಲಿ ಮನೆಯ ಹಿತ್ತಿಲಲ್ಲಿ ಈ ಪುಡಿ ತಯಾರಿಸಿ, ಸೈಕಲ್‌ ಮೇಲೆ ಮನೆಮನೆಗೆ ಹೋಗಿ ಮಾರಿದರು. ಆಗ ದೊಡ್ಡ ಕಂಪನಿಯ ಪುಡಿ ಕಿಲೋಗೆ ಸುಮಾರು 13 ರೂಪಾಯಿ. ಇದು ಸುಮಾರು ಮೂರು. ‘ಅಗ್ಗಕ್ಕ ಕೊಟ್ಟ, ಗೆದ್ದ’ ಎಂದರು ಕಾಕಾ. ಅರ್ಧ ಸತ್ಯ. ಅಲ್ಲಿಯವರೆಗೆ ಬಟ್ಟೆ ಪುಡಿ ಎಂದರೆ ಉಳ್ಳವರ ವಸ್ತು. ಬಾರ್‌ ಸಾಬೂನು ತಿಕ್ಕುತ್ತಿದ್ದ ಗೃಹಿಣಿಯನ್ನು ಯಾರೂ ತಮ್ಮ ಗಿರಾಕಿ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪಟೇಲರು ಹಿಡಿದರು. ಮಾರ್ಕೆಟಿಂಗ್‌ನ ಮೊದಲ ಪಾಠ ಇದೇ: ಏನು ಮಾರಬೇಕು ಎನ್ನುವುದಕ್ಕಿಂತ ಮೊದಲು ಯಾರಿಗೆ ಎಂದು ಕೇಳಿಕೊಳ್ಳುವುದು.

ಮರುದಿನ ಸೂರತ್‌ ದಾರಿ ಹಿಡಿದೆವು. ರೈಲು ಆನಂದ್‌ ದಾಟುವಾಗ ಅಮೂಲ್‌ ಕಥೆ ಹೇಳಿದೆ. ದಲ್ಲಾಳಿಗಳ ದರಕ್ಕೆ ಬೇಸತ್ತ ರೈತರು 1946ರಲ್ಲಿ ತ್ರಿಭುವನದಾಸ್‌ ಪಟೇಲರ ಮುಂದಾಳತ್ವದಲ್ಲಿ ಕಟ್ಟಿದ ಸಂಘ ಅದು. 1949ರಲ್ಲಿ ಆನಂದ್‌ಗೆ ಬಂದ ವರ್ಗೀಸ್‌ ಕುರಿಯನ್‌ ಅದಕ್ಕೆ ಜೊತೆಯಾದರು. ನಮ್ಮ ‘ನಂದಿನಿ’ ಬೆಳೆದದ್ದೂ ಈ ಆನಂದ್‌ ಮಾದರಿಯ ಸಹಕಾರಿ ವ್ಯವಸ್ಥೆಯಲ್ಲೇ. 2023ರಲ್ಲಿ ಬೆಂಗಳೂರಿನಲ್ಲಿ ಅಮೂಲ್‌–ನಂದಿನಿ ಜಟಾಪಟಿ ನಡೆದಾಗ, ಬೆಳಿಗ್ಗೆ ಅಮೂಲ್‌ ಹಾಲಿನ ಚಹಾ ಕುಡಿದು ಸಂಜೆ ನಂದಿನಿ ಪರ ವಾದಿಸಿದ ನನ್ನಂಥವರು ಗುಜರಾತಿನಲ್ಲಿ ಬಹಳ ಮಂದಿ ಇದ್ದರು! ಎರಡರಲ್ಲೂ ಒಂದು ಮಾತು ಸಮ. ಗಿರಾಕಿಗೆ ಬೇಕಾದದ್ದು ದಿನವೂ ಅದೇ ಗುಣಮಟ್ಟದ, ನಂಬಬಹುದಾದ ಹಾಲು. ಆ ನಂಬಿಕೆಗೆ ಬ್ರ್ಯಾಂಡ್‌ ಎಂಬ ಹೆಸರು.

‘ನಮ್ಮ ಸೀರಿಗೂ ಹೆಸರು ಐತಲ್ಲೋ. ಆದ್ರ ರೊಕ್ಕ ಬರೂದಿಲ್ಲ’ ಎಂದರು ಕಾಕಾ. ಉತ್ತರ ನನ್ನಲ್ಲಿ ಇರಲಿಲ್ಲ.

ವಡೋದರಾದಲ್ಲಿ ಇಳಿದೆವು. ನನ್ನ ಕೆಲಸ ಮುಗಿಸಿಕೊಂಡು ಮಾಂಡವಿ ಬಳಿ ಹೋದಾಗ ಅಂಗಡಿಗಳ ತುಂಬ ಗರ್ಬಾಕ್ಕೆ ಉಡುವ ಚನಿಯಾ ಚೋಳಿ. ಒಬ್ಬ ಹುಡುಗಿ ಬಂದಳು. ಅಂಗಡಿಯವರು ಬಟ್ಟೆ ಬಿಚ್ಚುವ ಮೊದಲು ಕೇಳಿದರು: ‘ಎಷ್ಟು ರಾತ್ರಿ ಆಡ್ತೀಯ ಬೇಟಾ?’ ಒಂಬತ್ತೂ ರಾತ್ರಿ ಎಂದ ಮೇಲೆ ಭಾರದ ಕಸೂತಿಯದನ್ನು ಬದಿಗಿಟ್ಟು ಹಗುರವಾದ ಹತ್ತಿಯದನ್ನು ತೋರಿಸಿದರು. ಅದು ಕಡಿಮೆ ಬೆಲೆಯದು. ಆದರೆ ಮುಂದಿನ ವರ್ಷ ಆಕೆ ಬೇರೆ ಅಂಗಡಿ ಹತ್ತುವುದಿಲ್ಲ. 1960ರಲ್ಲಿ ಜೆರೋಮ್‌ ಮೆಕಾರ್ಥಿ ಎಂಬ ಅಮೆರಿಕದ ಪ್ರಾಧ್ಯಾಪಕರು ಸರಕು, ಬೆಲೆ, ಮಾರುವ ಜಾಗ, ಪ್ರಚಾರ ಎಂದು ಮಾರ್ಕೆಟಿಂಗ್‌ಗೆ ನಾಲ್ಕು ಕಾಲು ಕೊಟ್ಟರು. ಆ ನಾಲ್ಕೂ ನಿಲ್ಲಬೇಕಾದ ನೆಲ ಈ ಒಂದು ಪ್ರಶ್ನೆ.

ಸೂರತ್‌ನ ರಿಂಗ್‌ ರೋಡ್‌ ಮಾರ್ಕೆಟ್‌ಗಳು ಕಾಕಾನ ತಲೆ ತಿರುಗಿಸಿದವು. ಅಂತಸ್ತಿನ ಮೇಲೆ ಅಂತಸ್ತು, ಎಲ್ಲೆಲ್ಲೂ ಸೀರೆ ಗಂಟುಗಳು. ಒಬ್ಬ ಸಗಟು ವ್ಯಾಪಾರಿ ನಾವು ಕರ್ನಾಟಕದವರು ಎಂದು ತಿಳಿದ ಕೂಡಲೇ ಒಂದು ಸೀರೆ ಹರಡಿದ. ಕೆಂಪು ಸೆರಗು, ಬಿಳಿ ಗೆರೆ, ದಡಿಯಲ್ಲಿ ಇಳಕಲ್‌ ವಿನ್ಯಾಸ. ಎಲ್ಲವೂ ಪಾಲಿಯೆಸ್ಟರ್‌ ಮೇಲಿನ ಪ್ರಿಂಟ್‌. ಬೆಲೆ 280 ರೂಪಾಯಿ.

ಕಾಕಾ ಸೆರಗು ಮತ್ತು ಮೈ ಸೇರುವ ಜಾಗವನ್ನು ಬೆರಳಿನಿಂದ ಸವರಿದರು. ನಿಜವಾದ ಇಳಕಲ್‌ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸ ಕಾಕುನದು. ‘ಕೊಂಡಿ ಇಲ್ಲ’ ಎಂದಷ್ಟೇ ಹೇಳಿ ಕಾಕಾ ಸೀರೆ ಮಡಚಿಟ್ಟರು.

ಚಹಾ ಕುಡಿಯುವಾಗ ನಾನೆಂದೆ: ‘ಕಾಕಾ, ಇದು ಕೆಟ್ಟ ಸೀರಿ ಅಲ್ಲ. ಹೊಲಕ್ಕ ಹೋಗೋ ಹೆಣ್ಮಗಳಿಗೆ ಲಗೂನ ಒಣಗೋ, ಹಗುರ ಸೀರಿ ಬೇಕು. ಸೂರತ್‌ ಅದನ್ನ ಕೊಡತೈತಿ. ಇದನ್ನ ಇಳಕಲ್‌ ಅಂತ ಮಾರಿದ್ರ ಮಾತ್ರ ಮೋಸ.’

‘ಕೊಳ್ಳಾಕಿಗೆ ಫರಕ್‌ ಗೊತ್ತಾಗಬೇಕಲ್ಲ?’

ನಾನು ಹುಡುಕುತ್ತಿದ್ದ ಉತ್ತರ ಅವರ ಈ ಪ್ರಶ್ನೆಯಲ್ಲೇ ಇತ್ತು. ಗಿರಾಕಿ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾಳೆ: ತನಗೆ ಸಿಗುವುದೆಷ್ಟು, ತಾನು ಕೊಡುವುದೆಷ್ಟು? ಸಿಗುವುದು ಏನೆಂದು ಗೊತ್ತಾಗದಿದ್ದರೆ ಉಳಿಯುವುದು ಬೆಲೆ ಒಂದೇ. ಬೆಲೆಯ ಆಟದಲ್ಲಿ ಸೂರತ್‌ ಎದುರು ಕೈಮಗ್ಗ ಗೆಲ್ಲಲಾರದು. ಇದೇ ಗುಜರಾತಿನ ಪಾಟಣದ ಪಟೋಲಾ ನೋಡಿ. ಅದರ ಮಾದರಿಯ ಅಗ್ಗದ ಪ್ರಿಂಟ್‌ ಎಲ್ಲೆಡೆ ಸಿಗುತ್ತದೆ. ಆದರೂ ಹಾಸು ಹೊಕ್ಕು ಎರಡನ್ನೂ ಕಟ್ಟಿ ಬಣ್ಣ ಹಾಕಿ ತಿಂಗಳುಗಟ್ಟಲೆ ನೇಯ್ದ ಸೀರೆಗೆ ಲಕ್ಷಗಟ್ಟಲೆ ಕೊಡುವವರಿದ್ದಾರೆ. ಏಕೆಂದರೆ ಆ ಕೆಲಸ ಏನೆಂದು ಅವರಿಗೆ ಗೊತ್ತು. ಇಳಕಲ್‌ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ನಾವು ಹೇಳದಿದ್ದರೆ ಕೊಂಡಿಯ ಕಥೆ ಯಾರಿಗೂ ತಿಳಿಯುವುದಿಲ್ಲ.

ಕಾಕಾ ಅಂಗಡಿಯ ಯೋಚನೆ ಪೂರ್ತಿ ಬಿಡಲಿಲ್ಲ. ಎರಡು ಗಂಟು ಸೂರತ್‌ ಸೀರೆ ಒಯ್ದರು, ಸೂರತ್‌ ಸೀರೆ ಎಂದೇ ಮಾರುತ್ತಿದ್ದಾರೆ. ಮಗ್ಗವನ್ನೂ ಬಿಡಲಿಲ್ಲ. ನವೆಂಬರ್‌ನಲ್ಲಿ ಇಲ್ಲಿನ ಕನ್ನಡಿಗರ ರಾಜ್ಯೋತ್ಸವಕ್ಕೆ ಹದಿನೈದು ಸೀರೆ ಕಳಿಸಿದರು. ಪ್ರತಿ ಸೀರೆಯ ಜೊತೆ ಒಂದು ಚೀಟಿ: ನೇಯ್ದವರು ಯಾರು, ಕೊಂಡಿ ಹಾಕಿದವರು ಯಾರು, ಎಷ್ಟು ದಿನ ಹಿಡಿಯಿತು. ಹನ್ನೊಂದು ಹೋದವು. ಅದರಲ್ಲಿ ಎರಡನ್ನು ಕೊಂಡವರು ನಮ್ಮ ಪಕ್ಕದ ಮನೆಯ ಗುಜರಾತಿ ಬೆನ್‌. ಚೌಕಾಸಿ ಮಾಡಲಿಲ್ಲ, ಕೊಂಡಿ ಎಲ್ಲಿದೆ ತೋರಿಸಿ ಎಂದು ಮಾತ್ರ ಕೇಳಿದರು.

ಹನ್ನೊಂದು ಸೀರೆಗಳಿಂದ ಮಗ್ಗ ಉಳಿಯುವುದಿಲ್ಲ, ನನಗೆ ಗೊತ್ತು. ಆದರೆ ಹೊರನಾಡಿನಲ್ಲಿರುವ ನಾವು ಊರಿನಿಂದ ಏನನ್ನಾದರೂ ತಂದು ನೆರೆಯವರಿಗೆ ಕೊಡುವಾಗ ಅದರ ಕಥೆಯನ್ನೂ ಹೇಳಬಹುದಲ್ಲ? ಉಳಿದ ನಾಲ್ಕು ಸೀರೆ ನನ್ನ ಕಪಾಟಿನಲ್ಲಿವೆ. ಯುಗಾದಿಯೊಳಗೆ ಅವನ್ನೂ ಮಾರಿ ಕಾಕಾಗೆ ಲೆಕ್ಕ ಒಪ್ಪಿಸಬೇಕು.