ತೆನೆಯ ಹಬ್ಬ ಮತ್ತು ನಾಲೆಯ ಕೊನೆಯ ಗದ್ದೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯು ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದಾಗಿ ಭತ್ತದ ಬೆಳೆಗಾರರಿಗೆ ಪರಿಚಿತವಾದ ಊರು. ಲಕ್ಕವಳ್ಳಿಯ ಜಲಾಶಯದಿಂದ ಹೊರಡುವ ಭದ್ರಾ ನಾಲೆಯ ನೀರು ಈ ಸೀಮೆಯ ಗದ್ದೆ ತೋಟಗಳನ್ನು ಸಾಕುತ್ತಿದ್ದರೆ, ಅದೇ ಜಿಲ್ಲೆಯ ಜಗಳೂರು ತಾಲ್ಲೂಕು ತಲೆಮಾರುಗಳಿಂದ ಮಳೆಯನ್ನೇ ನೆಚ್ಚಿಕೊಂಡು ಬಂದಿದೆ. ಭೂಮಿಯ ಆರೈಕೆ ಮತ್ತು ಬಡವರಿಗೆ ಸಲ್ಲಬೇಕಾದ ನ್ಯಾಯ ಇವೆರಡೂ ಒಂದೇ ಹೊಣೆಯೆಂದು ಕಥೋಲಿಕ ಧರ್ಮಸಭೆ ಇತ್ತೀಚಿನ ದಶಕಗಳಲ್ಲಿ ಸಾರುತ್ತಿರುವ ಮಾತನ್ನು ಒರೆಗೆ ಹಚ್ಚಿ ನೋಡಲು, ನೀರಿದ್ದವರೂ ಇಲ್ಲದವರೂ ಒಂದೇ ಆಡಳಿತದ ಕೆಳಗೆ ಬದುಕುವ ಇಂಥ ಜಿಲ್ಲೆಗಿಂತ ತಕ್ಕ ನೆಲ ಬೇರೆ ಬೇಕಿಲ್ಲ.

ದಾವಣಗೆರೆ ಜಿಲ್ಲೆಯು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರದೇಶಕ್ಕೆ ಸೇರುತ್ತದೆ. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟು ರೂಪುಗೊಂಡ ಈ ಧರ್ಮಕ್ಷೇತ್ರದ ಪ್ರಸಿದ್ಧ ಯಾತ್ರಾಸ್ಥಳ ಹರಿಹರದ ಆರೋಗ್ಯಮಾತೆಯ ದೇವಾಲಯವಾಗಿದ್ದು, ಅಲ್ಲಿನ ವಾರ್ಷಿಕ ಹಬ್ಬ ಮರಿಯಮ್ಮನವರ ಜನನದ ದಿನವಾದ ಸೆಪ್ಟೆಂಬರ್ 8ರಂದು ನಡೆಯುತ್ತದೆ. ಕರಾವಳಿಯ ಕೊಂಕಣಿ ಕಥೋಲಿಕರು ಅದೇ ದಿನವನ್ನು ಮೊಂತಿ ಫೆಸ್ತ್ ಎಂದೂ ಕನ್ನಡದಲ್ಲಿ ತೆನೆ ಹಬ್ಬವೆಂದೂ ಕರೆಯುತ್ತಾರೆ.

ಈ ಹಬ್ಬದ ವಿಧಾನವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಧರ್ಮಸಭೆಯ ದೊಡ್ಡ ದಸ್ತಾವೇಜುಗಳು ನೂರಾರು ಪರಿಚ್ಛೇದಗಳಲ್ಲಿ ಹೇಳುವುದನ್ನು ಅದು ಒಂದು ಊಟದ ಎಲೆಯ ಮೇಲೆ ತೋರಿಸುತ್ತದೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯನ್ನು ನೊವೆನಾ ಎನ್ನುತ್ತಾರೆ. ಆ ದಿನಗಳಲ್ಲಿ ಮಕ್ಕಳು ಮನೆಯಂಗಳದ ಮತ್ತು ಬೇಲಿಯ ಹೂಗಳನ್ನು ಬುಟ್ಟಿಯಲ್ಲಿ ತಂದು ಬಾಲಮರಿಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಗುರುಗಳು ಆಶೀರ್ವದಿಸಿದ ಮೇಲೆ ಮೆರವಣಿಗೆಯಲ್ಲಿ ಅವುಗಳನ್ನು ದೇವಾಲಯಕ್ಕೆ ಒಯ್ದು, ಬಲಿಪೂಜೆ ಮುಗಿದ ನಂತರ ಪ್ರತಿ ಕುಟುಂಬಕ್ಕೂ ಹಂಚಲಾಗುತ್ತದೆ, ಮಕ್ಕಳ ಕೈಗೆ ಕಬ್ಬು ಸಿಗುತ್ತದೆ. ಮನೆಯಲ್ಲಿ ತೆನೆಯನ್ನು ಪೀಠದ ಮುಂದಿಟ್ಟು, ದೀಪ ಹಚ್ಚಿ, ಹಿರಿಯರು ಪ್ರಾರ್ಥನೆ ನಡೆಸಿದ ಬಳಿಕ ಕೆಲವೇ ಕಾಳುಗಳನ್ನು ಉಗುರಿನಿಂದ ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಗೆಲ್ಲ ಒಂದೊಂದು ಗುಟುಕಿನಂತೆ ಕೊಡುತ್ತಾರೆ. ಆ ಹೊಸತನ್ನು ಬಾಯಿಗಿಟ್ಟ ನಂತರವೇ ಬಾಳೆಯೆಲೆಯ ಊಟ. ಮೀನು ಮಾಂಸಗಳಿಲ್ಲದೆ ಹಬ್ಬವೇ ಇಲ್ಲವೆನ್ನುವ ಸಮುದಾಯವು ಅಂದು ಮಾತ್ರ ತರಕಾರಿಯ ಪದಾರ್ಥಗಳನ್ನಷ್ಟೇ, ಅವೂ ಬೆಸ ಸಂಖ್ಯೆಯಲ್ಲಿ, ಮಾಡುವುದು ವಾಡಿಕೆ. ಆಶೀರ್ವದಿಸಿದ ತೆನೆ ವರ್ಷವಿಡೀ ಪೀಠದಲ್ಲಿ ಉಳಿಯುತ್ತದೆ. ಪರಂಪರೆಯ ಪ್ರಕಾರ ಈ ಆಚರಣೆಯನ್ನು 1763ರಲ್ಲಿ ಫರಂಗಿಪೇಟೆಯಲ್ಲಿ ಆರಂಭಿಸಿದವರು ಗೋವಾ ಮೂಲದ ಫಾದರ್ ಜೋಕಿಂ ಮಿರಾಂಡ; ಹೊಸ ಬೆಳೆಯನ್ನು ಮನೆದುಂಬಿಸಿಕೊಳ್ಳುವ ಕದಿರು ಹಬ್ಬಗಳು ತುಳುನಾಡಿನಲ್ಲೂ ಕೊಡಗಿನಲ್ಲೂ ಇರುವುದರಿಂದ, ಇದು ನೆಲದ ಸಂಪ್ರದಾಯದೊಂದಿಗೆ ಬೆಸೆದುಕೊಂಡ ಧರ್ಮಾಚರಣೆಯೆನ್ನುವುದೇ ಸರಿ.

ಧರ್ಮಸಭೆಯ ಸಾಮಾಜಿಕ ಬೋಧನೆಯ ಆಧುನಿಕ ಇತಿಹಾಸವು 1891ರಿಂದ ಆರಂಭವಾಗುತ್ತದೆ. ಆ ವರ್ಷ ಪೋಪ್ ಹದಿಮೂರನೆಯ ಲಿಯೋ ಕಾರ್ಮಿಕರ ಕೂಲಿ ಮತ್ತು ಸಂಘಟನೆಯ ಹಕ್ಕನ್ನು ಎತ್ತಿಹಿಡಿದು ವಿಶ್ವಪತ್ರವೊಂದನ್ನು, ಅಂದರೆ ಇಡೀ ಧರ್ಮಸಭೆಗೆ ಉದ್ದೇಶಿಸಿದ ಪತ್ರವನ್ನು ಬರೆದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಬರೆದ 'ಲೌದಾತೊ ಸೀ' ಎಂಬ ವಿಶ್ವಪತ್ರವು ಅದೇ ದಾರಿಯಲ್ಲಿ ಮುಂದೆ ಸಾಗಿ, ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆಬೇರೆಯಾಗಿ ಕೇಳಿಸಿಕೊಳ್ಳುವುದು ಸಾಧ್ಯವಿಲ್ಲವೆಂದು ವಾದಿಸಿತು. ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕೆಂದು ಅದರಲ್ಲಿ ನೇರವಾಗಿ ಹೇಳಲಾಗಿದೆ.

ಕರ್ನಾಟಕದಲ್ಲಿ ಈ ಚಿಂತನೆ 2015ರ ವಿಶ್ವಪತ್ರಕ್ಕಾಗಿ ಕಾದು ಕುಳಿತಿರಲಿಲ್ಲ. ಮಂಗಳೂರಿನಲ್ಲಿ ಹುಟ್ಟಿ ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದ, ಯೇಸುಸಭೆಯ ಗುರು ಜೆರೋಮ್ ಡಿಸೋಜ 1951ರಲ್ಲಿ ಸ್ಥಾಪಿಸಿದ ಸಾಮಾಜಿಕ ಅಧ್ಯಯನ ಸಂಸ್ಥೆಯು ಮುಂದೆ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾಯಿತು. ಅದರ ಬೆಂಗಳೂರು ಕೇಂದ್ರವು ಹಳ್ಳಿಗಳಲ್ಲಿ ದುಡಿಯುವ ಕಾರ್ಯಕರ್ತರಿಗೆ ತರಬೇತಿ ಕೊಡುವ ನೆಲೆಯಾಗಿ ಬೆಳೆಯಿತು. 1975ರಿಂದ 1986ರವರೆಗೆ ಆ ಕೇಂದ್ರದ ನಿರ್ದೇಶಕರಾಗಿದ್ದವರು ಫಾದರ್ ಸ್ಟಾನ್ ಸ್ವಾಮಿ. ಮುಂದೆ ಅವರು ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿ, ಗಣಿ ಮತ್ತು ಅಣೆಕಟ್ಟುಗಳಿಂದ ಭೂಮಿ ಕಳೆದುಕೊಳ್ಳುವವರ ಪರವಾಗಿಯೂ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಆದಿವಾಸಿ ಯುವಕರ ಪರವಾಗಿಯೂ ದನಿಯೆತ್ತಿದರು. ಭೀಮಾ ಕೋರೆಗಾಂವ್ ಹಿಂಸಾಚಾರದ ಪ್ರಕರಣದಲ್ಲಿ 2020ರ ಅಕ್ಟೋಬರಿನಲ್ಲಿ ಬಂಧಿತರಾದ ಅವರು ತಮ್ಮ ಮೇಲಿನ ಆರೋಪಗಳನ್ನು ನಿರಾಕರಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾರದ ಆ ವೃದ್ಧರು ನೀರು ಕುಡಿಯಲು ಸಿಪ್ಪರ್ ಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಿ ವಾರಗಟ್ಟಲೆ ಕಾಯಬೇಕಾಯಿತು. ಜಾಮೀನಿನ ನಿರೀಕ್ಷೆಯಲ್ಲಿಯೇ 2021ರ ಜುಲೈ 5ರಂದು, 84ರ ವಯಸ್ಸಿನಲ್ಲಿ, ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂದು ಗುಟುಕು ನೀರನ್ನೂ ಹಕ್ಕೆಂದು ಕೇಳಬೇಕಾಗಿ ಬಂದ ಈ ಪ್ರಸಂಗವನ್ನು ಸಾಮಾಜಿಕ ನ್ಯಾಯದ ಯಾವ ಚರ್ಚೆಯೂ ಮರೆಯಬಾರದು.

ದಾವಣಗೆರೆಯ ಸೀಮೆಯಲ್ಲಿ ನೀರಿನ ನ್ಯಾಯವು ಯಾವುದೇ ಒಂದು ಧರ್ಮದ ಕಾಳಜಿಯಾಗಿ ಉಳಿದಿಲ್ಲ. ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆಯ ಹಿಂದೆ ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರ ಮುತುವರ್ಜಿಯಿರುವುದನ್ನು ಇಲ್ಲಿನ ರೈತರು ಕೃತಜ್ಞತೆಯಿಂದ ನೆನೆಯುತ್ತಾರೆ. ಶಿವಮೊಗ್ಗ ಧರ್ಮಕ್ಷೇತ್ರದ ಸಮಾಜಸೇವಾ ಸಂಸ್ಥೆಯ ಸ್ವಸಹಾಯ ಸಂಘಗಳ ಕೆಲಸ ಇಷ್ಟು ದೊಡ್ಡ ಅಳತೆಯದಲ್ಲದಿದ್ದರೂ ಬಡ ಹೆಣ್ಣುಮಕ್ಕಳ ಬದುಕಿಗೆ ಹತ್ತಿರವಾದದ್ದು. ಆದರೂ ಅಚ್ಚುಕಟ್ಟು, ಅಂದರೆ ನಾಲೆಯ ನೀರುಣ್ಣುವ ಪ್ರದೇಶದ ಒಳಗೇ ಮೇಲಿನವರು ಮತ್ತು ಕೊನೆಯವರು ಎಂಬ ಭೇದ ಉಳಿದಿದ್ದು, ಕೊನೆಯ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವುದು ಇಂದಿಗೂ ತಪ್ಪಿಲ್ಲ.

ತೆನೆ ಹಬ್ಬದ ತಿಥಿ ಕರಾವಳಿಯ ಮುಂಗಾರು ಬೆಳೆಗೆ ಹೊಂದಿದ್ದೇ ಹೊರತು ಭದ್ರಾ ನಾಲೆಯ ಕಾಲಕ್ಕಲ್ಲ. ಸೆಪ್ಟೆಂಬರ್ 8ರಂದು ಕತ್ತಲಗೆರೆಯ ಸುತ್ತಿನ ಗದ್ದೆಗಳಲ್ಲಿ ಪೈರು ಇನ್ನೂ ತೆಂಡೆಯೊಡೆಯುತ್ತಿರುತ್ತದೆ. ನೀರು ತಡವಾದ ವರ್ಷಗಳಲ್ಲಿ ನಾಲೆಯ ಕೊನೆಯ ಗದ್ದೆಗಳಲ್ಲಿ ನಾಟಿಯೂ ಮುಗಿದಿರುವುದಿಲ್ಲ.