ಜೀವಕೋಶದೊಳಗಿನ ಕಂಡಿಕೆಗಳು ಮತ್ತು ಬಾಯಿಯ ಕ್ಯಾನ್ಸರ್

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ನಡೆದಾಡಿದವರಿಗೆ ಮಗ್ಗದ ಸದ್ದಿನೊಡನೆ ರಾಟಿಯ ಸದ್ದೂ ಪರಿಚಿತವಾದುದು. ನೇಯುವವರು ಮಗ್ಗದ ಮುಂದೆ ಕುಳಿತಿದ್ದರೆ ಮನೆಯ ಹೆಣ್ಣುಮಕ್ಕಳೋ ಹಿರಿಯರೋ ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿರುತ್ತಾರೆ. ಸುತ್ತು ಸಡಿಲವಾದರೆ ನೂಲು ಜಾರಿ ಗಂಟು ಬೀಳುತ್ತದೆ. ಅತಿ ಬಿಗಿಯಾದರೆ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಸೀರೆಯನ್ನು ಉಟ್ಟವರಿಗೆ ಆ ಕೈಗಳು ಕಾಣುವುದಿಲ್ಲ. ಆದರೆ ಅವು ಇಲ್ಲದೆ ಸೀರೆಯಿಲ್ಲ.

ನಮ್ಮ ದೇಹದ ಜೀವಕೋಶಗಳಲ್ಲಿಯೂ ಇಂತಹುದೇ ಕಾಯಕವೊಂದು ಹಗಲಿರುಳು ಸಾಗಿದೆ. ಆ ಕಾಯಕವು ಹದ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ವಿಜ್ಞಾನಿಗಳು ಬಾಯಿಯ ಕ್ಯಾನ್ಸರಿನ ಗಡ್ಡೆಗಳಲ್ಲಿ ಕಂಡುಕೊಂಡಿದ್ದಾರೆ. ತಂಬಾಕು, ಗುಟ್ಕಾಗಳ ಚಟಕ್ಕೆ ಸಿಲುಕಿದವರು ಇಲ್ಲದ ಊರು ನಮ್ಮ ಭಾಗದಲ್ಲಿ ವಿರಳ. ಆದುದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ಭಕ್ತರ ಮುಂದೆ ಇಡಬಯಸುತ್ತೇವೆ.

ಎರಡು ಮೀಟರ್ ನೂಲು

ಪ್ರತಿ ಜೀವಕೋಶದ ನಡುವೆ ಕೋಶಕೇಂದ್ರವೆಂಬ ಪುಟ್ಟ ಕೋಣೆಯಿದೆ. ಅದರ ಅಗಲ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ತಂದೆತಾಯಿಗಳಿಂದ ನಮಗೆ ಬಂದ ಗುಣಗಳ ಬರಹವನ್ನು ಹೊತ್ತ ಡಿಎನ್ಎ ಎಂಬ ಎಳೆ ಇರುವುದು ಇಲ್ಲಿಯೇ. ಒಂದು ಕೋಶದ ಡಿಎನ್ಎ ಎಳೆಗಳನ್ನೆಲ್ಲ ಬಿಚ್ಚಿ ಒಂದರ ತುದಿಗೆ ಮತ್ತೊಂದನ್ನು ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಇಷ್ಟು ಉದ್ದದ ಎಳೆ ಅಷ್ಟು ಕಿರಿದಾದ ಕೋಣೆಯಲ್ಲಿ ಗಂಟು ಬೀಳದೆ ಇರಬೇಕಾದರೆ ಅದನ್ನು ಸುತ್ತಿಡಲೇಬೇಕು.

ಸುತ್ತಲು ಬೇಕಾದ ಕಂಡಿಕೆಗಳು ಹಿಸ್ಟೋನ್ ಎಂಬ ಪ್ರೋಟೀನುಗಳಿಂದ ಆಗಿವೆ. ನಾಲ್ಕು ಬಗೆಯ ಹಿಸ್ಟೋನುಗಳು ಎರಡೆರಡರಂತೆ ಎಂಟು ಸೇರಿ ಒಂದು ಕಂಡಿಕೆಯಾಗುತ್ತದೆ. ಅದರ ಸುತ್ತ ಡಿಎನ್ಎ ಎಳೆ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಳ್ಳುತ್ತದೆ. ಈ ಸುತ್ತಿನಲ್ಲಿ ಡಿಎನ್ಎಯ 147 ಅಕ್ಷರಜೋಡಿಗಳು ಅಡಗುತ್ತವೆ. ಇದಕ್ಕೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ಒಂದೇ ಕೋಶದಲ್ಲಿ ಇಂತಹ ಕಂಡಿಕೆಗಳು ಸುಮಾರು 3 ಕೋಟಿ ಇರುತ್ತವೆ.

ಬಿಗಿಯಾಗಿ ಸುತ್ತಿದ ಭಾಗದ ಬರಹವನ್ನು ಕೋಶವು ಓದಲಾರದು. ಸಡಿಲಗೊಂಡ ಭಾಗವನ್ನು ಓದಬಲ್ಲದು. ಕೆನ್ನೆಯ ಒಳಚರ್ಮದ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರುವ ಬರಹ ಒಂದೇ. ಯಾವ ಪುಟ ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಲ್ಲಿ ಅವುಗಳ ವ್ಯತ್ಯಾಸವಿದೆ. ಆದುದರಿಂದ ಸುತ್ತುವ ಕೆಲಸವು ಕೇವಲ ಗಂಟು ಕಟ್ಟಿಡುವ ಕೆಲಸವಲ್ಲ, ಓದಿಗೆ ಅಪ್ಪಣೆ ಕೊಡುವ ಕೆಲಸವೂ ಹೌದು.

ಜೊತೆಗೆ ಹೋಗುವ ಹಿರಿಯರು

ಹಿಸ್ಟೋನುಗಳು ಧನ ವಿದ್ಯುದಂಶವುಳ್ಳವು, ಡಿಎನ್ಎ ಋಣ ವಿದ್ಯುದಂಶವುಳ್ಳದ್ದು. ಆದುದರಿಂದ ಇವೆರಡಕ್ಕೂ ಪರಸ್ಪರ ಸೆಳೆತ ಬಲವಾದುದು. ಹಾಗೆಯೇ ಬಿಟ್ಟರೆ ಹಿಸ್ಟೋನುಗಳು ಕಂಡಕಂಡಲ್ಲಿ ಅಂಟಿಕೊಂಡು ಎಳೆಯನ್ನೆಲ್ಲ ಮುದ್ದೆ ಮಾಡಿಬಿಡುತ್ತವೆ. ಇದನ್ನು ತಡೆಯುವ ಪ್ರೋಟೀನುಗಳಿಗೆ ಶಾಪರೋನ್ ಎಂಬ ಹೆಸರಿದೆ. ಹಿಂದಿನ ಇಂಗ್ಲಿಷ್ ಮನೆತನಗಳಲ್ಲಿ ಮದುವೆಯಾಗದ ಹುಡುಗಿಯ ಜೊತೆಗೆ ಹೋಗಿ ಬರುವ ಹಿರಿಯ ಹೆಂಗಸನ್ನು ಹಾಗೆ ಕರೆಯುತ್ತಿದ್ದರು. ಹೊಸ ಮದುಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ನಮ್ಮಲ್ಲಿಯೂ ಹಿರಿಯ ಹೆಣ್ಣುಮಗಳೊಬ್ಬಳು ಜೊತೆಗೆ ಹೋಗುತ್ತಾಳೆ. ದಾರಿಯುದ್ದಕ್ಕೂ ಕಾದು, ಸೇರಬೇಕಾದ ಮನೆಗೆ ಸೇರಿಸಿ, ತಾನು ಹಿಂದಿರುಗುತ್ತಾಳೆ. ಶಾಪರೋನ್ ಪ್ರೋಟೀನುಗಳೂ ಹಿಸ್ಟೋನುಗಳನ್ನು ಹಿಡಿದುಕೊಂಡು, ಅವುಗಳ ಸೆಳೆತವನ್ನು ತಣಿಸಿ, ತಕ್ಕ ಸ್ಥಳದಲ್ಲಿ ಕೂರಿಸಿ, ತಾವು ಹೊರಗುಳಿಯುತ್ತವೆ.

1978ರಲ್ಲಿ ರಾನ್ ಲಾಸ್ಕಿ ಮತ್ತು ಸಂಗಡಿಗರು ಕಪ್ಪೆಯ ಮೊಟ್ಟೆಗಳನ್ನು ಅಭ್ಯಸಿಸುವಾಗ ಇಂತಹ ಪ್ರೋಟೀನೊಂದನ್ನು ಗುರುತಿಸಿ ಈ ಹೆಸರನ್ನು ಬಳಸಿದರು. ಮುಂದೆ ಇನ್ನೂ ಹಲವು ಬೆಳಕಿಗೆ ಬಂದವು. ಕೋಶವು ಎರಡಾಗುವ ಮುನ್ನ ಡಿಎನ್ಎಯ ಹೊಸ ಪ್ರತಿ ಸಿದ್ಧವಾಗುತ್ತಿದ್ದಂತೆ ಅದರ ಮೇಲೆ ಹಿಸ್ಟೋನುಗಳನ್ನು ಕೂರಿಸುತ್ತ ಬರುವುದು ಒಂದು ಬಗೆ. ಬರಹವನ್ನು ಓದುವ ಯಂತ್ರವು ಬಂದಾಗ ಕಂಡಿಕೆಯ ಒಂದು ಭಾಗವನ್ನು ತೆಗೆದು ದಾರಿ ಬಿಡಿಸಿ, ಅದು ಮುಂದೆ ಹೋದ ಮೇಲೆ ಮತ್ತೆ ಜೋಡಿಸುವುದು ಇನ್ನೊಂದು ಬಗೆ. ಹೀಗೆ ಕಟ್ಟುವುದೂ ಬಿಚ್ಚುವುದೂ ಇವುಗಳ ಕೈಯಲ್ಲಿಯೇ ಇದೆ.

ಬೆಂಗಳೂರಿನಲ್ಲಿ ಕಂಡುದು

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ತಪಸ್ ಕುಮಾರ್ ಕುಂಡು ಅವರ ತಂಡವು ಎನ್‌ಪಿಎಂ1 ಎಂಬ ಶಾಪರೋನನ್ನು ಬಹುಕಾಲ ಅಭ್ಯಸಿಸಿದೆ. ಈ ಪ್ರೋಟೀನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಅಂಟಿಕೊಂಡಾಗ ಹಿಸ್ಟೋನುಗಳನ್ನು ಹಿಡಿಯುವ, ಬಿಡಿಸುವ ಅದರ ಶಕ್ತಿ ಹೆಚ್ಚಿ, ಮುಚ್ಚಿದ್ದ ಬರಹವು ಓದಿಗೆ ಹೆಚ್ಚು ತೆರೆದುಕೊಳ್ಳುತ್ತದೆ ಎಂದು ತಂಡವು 2005ರಲ್ಲಿ ತೋರಿಸಿತು. ಬಾಯಿಯ ಕ್ಯಾನ್ಸರಿನ ಗಡ್ಡೆಗಳಲ್ಲಿ ಗುರುತು ಅಂಟಿದ ಈ ಎನ್‌ಪಿಎಂ1 ಹೆಚ್ಚಾಗಿದೆ, ಅದು ರೋಗಕ್ಕೆ ಸಂಬಂಧಿಸಿದ ಜೀನುಗಳನ್ನು ಎಚ್ಚರಿಸುತ್ತದೆ ಎಂದು 2009ರಲ್ಲಿ ಪ್ರಕಟಿಸಿತು.

ಮರುವರ್ಷದ ಅಧ್ಯಯನವು ಇನ್ನೊಂದು ಕೊಂಡಿಯನ್ನು ತೋರಿಸಿತು. ಆ ಗುರುತನ್ನು ಅಂಟಿಸುವ ಪಿ300 ಎಂಬ ಕಿಣ್ವವು ನೈಟ್ರಿಕ್ ಆಕ್ಸೈಡಿನ ಸಂಕೇತದಿಂದ, ಎನ್‌ಪಿಎಂ1ರ ನೆರವಿನಿಂದ ಚುರುಕಾಗುತ್ತದೆ. ಆಗ ಹಿಸ್ಟೋನುಗಳಿಗೂ ಮಿತಿಮೀರಿ ಗುರುತು ಬೀಳುತ್ತದೆ. ನೈಟ್ರಿಕ್ ಆಕ್ಸೈಡ್ ಉರಿಯೂತಕ್ಕೆ ಒಳಗಾದ ಅಂಗಾಂಶದಲ್ಲಿ ಹೆಚ್ಚಾಗುವ ವಸ್ತು. ವರ್ಷಗಟ್ಟಲೆ ತಂಬಾಕು, ಸುಣ್ಣ, ಅಡಿಕೆಗಳನ್ನು ಕೆನ್ನೆಯ ಒಂದೇ ಮೂಲೆಯಲ್ಲಿ ಒತ್ತಿಟ್ಟುಕೊಂಡರೆ ಅಲ್ಲಿನ ಒಳಚರ್ಮವು ಸದಾ ಉರಿಯೂತದಲ್ಲಿಯೇ ಇರುತ್ತದೆ. ತಂಬಾಕಿನ ವಿಷವು ಡಿಎನ್ಎಯ ಅಕ್ಷರಗಳನ್ನು ಕೆಡಿಸುತ್ತದೆ ಎಂಬುದನ್ನು ನಾವು ಹಿಂದಿನಿಂದ ಕೇಳುತ್ತ ಬಂದಿದ್ದೇವೆ. ಅಕ್ಷರಗಳು ಕೆಡುವುದರ ಜೊತೆಗೆ, ಮುಚ್ಚಿರಬೇಕಾದ ಪುಟಗಳೂ ತೆರೆದುಕೊಳ್ಳುತ್ತವೆ ಎಂಬುದು ಈ ಅಧ್ಯಯನಗಳ ಸಾರ.

ಅರಿಸಿನದ ಮಾತು

ಇದೇ ತಂಡವು ಅರಿಸಿನದಲ್ಲಿರುವ ಕರ್ಕ್ಯುಮಿನ್‌ನಿಂದ ನೀರಿನಲ್ಲಿ ಕರಗುವ ಸಂಯುಕ್ತವೊಂದನ್ನು ರೂಪಿಸಿ, ಇಲಿಗಳಲ್ಲಿ ಬಾಯಿಯ ಗಡ್ಡೆಯ ಬೆಳವಣಿಗೆ ತಗ್ಗಿದುದನ್ನು ಕಂಡಿತು. ಇದನ್ನು ಓದಿ ಹುಣ್ಣಿಗೆ ಅರಿಸಿನ ಹಚ್ಚಿ ಸುಮ್ಮನಿರುವುದು ಅಪಾಯಕರ. ಅದು ಪ್ರಯೋಗಾಲಯದಲ್ಲಿ ಮಾರ್ಪಡಿಸಿದ ವಸ್ತು, ಅಡುಗೆಮನೆಯ ಅರಿಸಿನವಲ್ಲ. ಇಲಿಗಳಲ್ಲಿ ಆದುದು ಮನುಷ್ಯರ ಔಷಧವಾಗಲು ಬಹು ದೂರ ಸಾಗಬೇಕು.

ನಮ್ಮ ಕೈಯಲ್ಲಿರುವುದು

ಕೋಶದೊಳಗಿನ ಕೈಗಳನ್ನು ನಾವು ತಿದ್ದಲಾರೆವು. ಆದರೆ ಅವನ್ನು ಕೆಡಿಸುವ ಚಟವನ್ನು ಬಿಡಬಲ್ಲೆವು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8ರಷ್ಟು ಜನ ತಂಬಾಕನ್ನು ಯಾವುದಾದರೊಂದು ರೂಪದಲ್ಲಿ ಬಳಸುತ್ತಿದ್ದರು. ರಾಜ್ಯದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾದರೂ ಪಾನ್ ಮಸಾಲೆ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಗಳಲ್ಲಿ ಕೊಂಡು ಬೆರೆಸಿಕೊಳ್ಳುವವರು ಇದ್ದಾರೆ. ತಂಬಾಕಿಲ್ಲದ ಅಡಿಕೆಯ ಅಗಿತವೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತೀರ್ಮಾನಿಸಿದೆ.

ಇಂತಹ ಅಭ್ಯಾಸವಿದ್ದವರು, ಈಗ ಬಿಟ್ಟಿದ್ದರೂ ಸಹ, ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಕೆನ್ನೆಯ ಒಳಭಾಗ, ತುಟಿ, ಒಸಡು, ನಾಲಿಗೆಯ ಅಂಚು ಮತ್ತು ಅಡಿಭಾಗಗಳನ್ನು ನೋಡಿಕೊಳ್ಳಬೇಕು. ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರ ತಿಂದಾಗ ಅತಿಯಾದ ಉರಿ, ಬಾಯಿ ತೆರೆಯಲು ಬಿಗಿತ, ಕೊರಳಲ್ಲಿ ಗಂಟು: ಇವುಗಳಲ್ಲಿ ಯಾವುದೊಂದು ಕಂಡರೂ ನೋವಿಲ್ಲವೆಂದು ತಡಮಾಡಬಾರದು. ಮೊದಲ ಹಂತದಲ್ಲಿ ನೋವು ಇಲ್ಲದಿರುವುದೇ ಹೆಚ್ಚು. ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿದರೆ ಅವರು ಮುಂದಿನ ದಾರಿ ಹೇಳುತ್ತಾರೆ. ಬೇಗ ಗುರುತಿಸಿದ ಬಾಯಿಯ ಕ್ಯಾನ್ಸರನ್ನು ಗುಣಪಡಿಸುವ ಸಾಧ್ಯತೆ ಬಹಳ ಹೆಚ್ಚು.

ಚಟ ಬಿಡಲು ನೆರವು ಬೇಕಾದವರು 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು. ಮನೆಯಲ್ಲಿ ತಂದೆಯೋ ಅಣ್ಣನೋ ತಂಬಾಕು ಹಾಕುತ್ತಿದ್ದರೆ, ಅವರನ್ನು ಹೀಯಾಳಿಸದೆ ಈ ಬರಹವನ್ನು ಓದಿ ಹೇಳಿರಿ, ಒಮ್ಮೆ ಬಾಯಿ ತೆರೆಸಿ ನೋಡಿರಿ ಎಂದು ಭಕ್ತರಲ್ಲಿ ನಾವು ಕೇಳಿಕೊಳ್ಳುತ್ತೇವೆ.