ಕೆಫೆ ತೆರೆಯುವ ಮುನ್ನ ಖಾನಾವಳಿಗೆ ಹೋಗಿ ಬನ್ನಿ

ವಿಜಯಪುರ ಚಹಾದ ಊರು. ಬಸ್ ನಿಲ್ದಾಣದ ಎದುರು, ಎಪಿಎಂಸಿ ಅಂಗಳದಲ್ಲಿ, ಕೋರ್ಟಿನ ಆಸುಪಾಸಿನಲ್ಲಿ ನಸುಕಿನಿಂದಲೇ ಚಹಾದ ಪಾತ್ರೆ ಕುದಿಯುತ್ತಿರುತ್ತದೆ. ಜೊತೆಗೆ ಮಿರ್ಚಿ ಭಜಿ, ಗಿರ್ಮಿಟ್, ಸೂಸಲಾ. ಈಗ ಇದೇ ಊರಿನಲ್ಲಿ ಕೆಫೆ ತೆರೆಯಬೇಕೆಂಬ ಆಸೆ ಹೊಸ ತಲೆಮಾರಿಗೆ ಹತ್ತಿದೆ. ಬೆಂಗಳೂರು, ಪುಣೆಯ ನೌಕರಿ ಬಿಟ್ಟು ಬಂದವರು, ಎಂಜಿನಿಯರಿಂಗ್ ಮುಗಿಸಿದವರು, ದ್ರಾಕ್ಷಿ ಬೆಳೆಗಾರರ ಮಕ್ಕಳು ಈ ಲೆಕ್ಕಾಚಾರದಲ್ಲಿದ್ದಾರೆ. ಇವರಲ್ಲಿ ಹೆಚ್ಚಿನವರು ಹೋಟೆಲಿನ ಅಡುಗೆಮನೆಯೊಳಗೆ ಒಂದು ದಿನವೂ ನಿಂತವರಲ್ಲ.

ಆಸೆಗೆ ಕಾರಣವಿದೆ. ನಗರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬಿಎಲ್‌ಡಿಇ ಸಂಸ್ಥೆಯ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿವೆ. ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಲು ಬರುವವರಿದ್ದಾರೆ. ಅಥಣಿ ರಸ್ತೆಯ ತಿಕೋಟಾ, ಜಮಖಂಡಿ ರಸ್ತೆಯ ಬಬಲೇಶ್ವರ 2018ರಲ್ಲಿ ತಾಲ್ಲೂಕು ಕೇಂದ್ರಗಳಾದ ಮೇಲೆ ಕಚೇರಿ ಕೆಲಸಕ್ಕೆ ಹಳ್ಳಿಗಳಿಂದ ಬಂದು ಕಾಯುವ ಜನ ಹೆಚ್ಚಿದ್ದಾರೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂತು, ದ್ರಾಕ್ಷಿ ಮತ್ತು ಒಣದ್ರಾಕ್ಷಿಯ ವಹಿವಾಟು ಬೆಳೆಯಿತು. ಕೂತು ಮಾತಾಡಲು ಒಂದು ಚಲೋ ಜಾಗ ಬೇಕು ಎನ್ನುವವರು ಮೂರೂ ಕಡೆ ಸಿಗುತ್ತಾರೆ.

ಹಾಗಾದರೆ ಅನುಭವವಿಲ್ಲದವರು ಕೆಫೆ ತೆರೆಯಬಹುದೇ? ಕರ್ನಾಟಕದ ಉದಾಹರಣೆಗಳನ್ನೇ ನೋಡಿದರೆ, ತೆರೆಯಬಹುದು. ಆದರೆ ಗೆದ್ದವರೆಲ್ಲ ತಮಗೆ ಚೆನ್ನಾಗಿ ಗೊತ್ತಿದ್ದ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದೇ ಈ ದಂಧೆಗೆ ಇಳಿದಿದ್ದಾರೆ.

ಎಲ್ಲರಿಗೂ ತಿಳಿದ ಹೆಸರು ವಿ.ಜಿ. ಸಿದ್ಧಾರ್ಥ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅವರು ಷೇರು ಮಾರುಕಟ್ಟೆಯಲ್ಲಿ ಪಳಗಿದ್ದರು, ಹೋಟೆಲು ಅವರಿಗೆ ಹೊಸದು. ಆದರೆ ಚಿಕ್ಕಮಗಳೂರಿನ ತೋಟದ ಮನೆಯಿಂದ ಬಂದವರಾದ್ದರಿಂದ ಕಾಫಿ ಬೀಜ ಗಿಡದಿಂದ ರಫ್ತಿನವರೆಗೆ ಗೊತ್ತಿತ್ತು. ಇಂಟರ್ನೆಟ್ ಆಗಿನ್ನೂ ಅಪರೂಪವಾಗಿದ್ದ ಕಾಲದಲ್ಲಿ ಕಾಫಿಯ ಜೊತೆ ಇಂಟರ್ನೆಟ್ ಕೊಟ್ಟು ಹುಡುಗರನ್ನು ಸೆಳೆದರು. ಮುಂದಿನ ಕಥೆಯನ್ನೂ ಮರೆಯಬಾರದು. 2019ರ ಜುಲೈನಲ್ಲಿ ಸಿದ್ಧಾರ್ಥ ತೀರಿಕೊಂಡಾಗ ಸಮೂಹದ ಮೇಲೆ ಸಾವಿರಾರು ಕೋಟಿ ರೂಪಾಯಿ ಸಾಲವಿತ್ತು. ನಂತರ ಹೊಣೆ ಹೊತ್ತ ಪತ್ನಿ ಮಾಳವಿಕಾ ಹೆಗ್ಡೆ ಅದನ್ನು ಬಹುಮಟ್ಟಿಗೆ ಇಳಿಸಿದರು. ಸಾಲದ ಕಂತಿನ ವಿಷಯದಲ್ಲಿ ಸಣ್ಣ ಕೆಫೆಯೂ ಅಷ್ಟೇ ಎಚ್ಚರವಾಗಿರಬೇಕು.

ವಿಜಯಪುರಕ್ಕೆ ಇನ್ನೂ ಹತ್ತಿರದ ಉದಾಹರಣೆ ಹುಬ್ಬಳ್ಳಿಯದು. 2017ರಲ್ಲಿ ಅಲೀನಾ ಆಲಂ ಎಂಬ ಯುವತಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ, ಹಳೆಯದೊಂದು ಶೆಡ್ಡಿನಲ್ಲಿ ಮೊದಲ ಮಿಟ್ಟಿ ಕೆಫೆ ತೆರೆದರು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ್ದ ಅವರ ಕೈಯಲ್ಲಿ ದೊಡ್ಡ ಬಂಡವಾಳವೂ ಇರಲಿಲ್ಲ, ಹೋಟೆಲಿನ ಅನುಭವವೂ ಇರಲಿಲ್ಲ. ಅಂಗವಿಕಲರು ಕೆಲಸ ಮಾಡಬಲ್ಲರು, ಅವರಿಗೆ ಅವಕಾಶ ಬೇಕಷ್ಟೇ ಎಂಬುದು ಖಚಿತವಾಗಿ ಗೊತ್ತಿತ್ತು. ಚಹಾ ಮಾಡುವವರು, ಬಡಿಸುವವರು, ಹಣ ಎಣಿಸುವವರು ಎಲ್ಲರೂ ಅಂಗವಿಕಲರು, ಬುದ್ಧಿಮಾಂದ್ಯರು. ಬ್ರೈಲ್ ಲಿಪಿಯ ಮೆನು ಬಂತು. ಕಾಲೇಜಿನ ಆವರಣವೆಂದ ಮೇಲೆ ಗಿರಾಕಿಗಳನ್ನು ಹುಡುಕಿಕೊಂಡು ಹೋಗುವ ಪ್ರಶ್ನೆಯೇ ಇರಲಿಲ್ಲ. ಆ ಶೆಡ್ಡಿನಿಂದ ಹೊರಟ ಮಿಟ್ಟಿ ಕೆಫೆ 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ಬಂತು. ಉದ್ಘಾಟಿಸಿದವರು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್.

ಇಷ್ಟು ದೂರ ಹೋಗದೆ ಮನೆಯ ಬಾಗಿಲಲ್ಲೇ ನೋಡಬಹುದು. ವಿಜಯಪುರದ ಜೋಳದ ರೊಟ್ಟಿ ಖಾನಾವಳಿಗಳಲ್ಲಿ ಎಷ್ಟೋ ಶುರುವಾದದ್ದು ಮನೆಯ ಪಡಸಾಲೆಯಲ್ಲಿ. ನಡೆಸಿದ ಅವ್ವ, ಅಕ್ಕಂದಿರು ಹೋಟೆಲ್ ಮ್ಯಾನೇಜ್‌ಮೆಂಟಿನ ಹೆಸರು ಕೇಳಿದವರಲ್ಲ. ರೊಟ್ಟಿಯ ವಿದ್ಯೆ ಮಾತ್ರ ಪೂರ್ತಿ ಕೈವಶ. ಜೋಳದ ಹಿಟ್ಟು ಹಳೆಯದಾದರೆ ಜಿಗುಟು ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ಅದಕ್ಕೇ ಬೇಕಾದಷ್ಟನ್ನೇ ಬೀಸಿಸುತ್ತಾರೆ. ಎಸರು ಹಾಕಿ ನಾದಿ, ಕಲ್ಲಿನ ಮೇಲೆ ಬಡಿದು, ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರುವ ಹೊತ್ತಿಗೆ ಮಗುಚದಿದ್ದರೆ ರೊಟ್ಟಿ ಉಬ್ಬುವುದಿಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆಯಾದರೆ ಉಳಿದದ್ದನ್ನು ಖಡಕ್ ಮಾಡಿ ಇಡುತ್ತಾರೆ, ಅದು ವಾರಗಟ್ಟಲೆ ಕೆಡದು. ಮೆನು ಸಣ್ಣದು: ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. “ಇನ್ನೊಂದ್ ರೊಟ್ಟಿ ನೀಡ್ಲ್ಯಾ ತಮ್ಮಾ?” ಎಂದು ಕೇಳುವುದರಲ್ಲಿ ಸೇವೆಯ ಪಾಠವೂ ಮುಗಿಯಿತು. ಸಾಮಾನು ದಂಡವಾಗುವುದಿಲ್ಲ, ರುಚಿ ದಿನಕ್ಕೊಂದಾಗುವುದಿಲ್ಲ, ಬಂದವರ ಮುಖ ನೆನಪಿರುತ್ತದೆ. ಹೊಸ ಕೆಫೆಗಳು ಎಡವುವುದು ಬಹುತೇಕ ಈ ಮೂರರಲ್ಲೇ.

ಇನ್ನು ಲೆಕ್ಕ. ಉದಾಹರಣೆಗೆ ಬಾಡಿಗೆ, ಇಬ್ಬರು ಕೆಲಸಗಾರರ ಪಗಾರ, ಕರೆಂಟು, ಸಾಲದ ಕಂತು ಸೇರಿ ತಿಂಗಳಿಗೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಅಂದರೆ ಬಾಗಿಲು ತೆಗೆದ ಕೂಡಲೇ ದಿನಕ್ಕೆ 2,000 ರೂಪಾಯಿ ಖರ್ಚು. 15 ರೂಪಾಯಿಯ ಚಹಾದಲ್ಲಿ ಹಾಲು, ಸಕ್ಕರೆ, ಪುಡಿ, ಗ್ಯಾಸು ಕಳೆದು 9 ರೂಪಾಯಿ ಉಳಿದರೆ, ಆ ಖರ್ಚು ಹುಟ್ಟಲು 223 ಚಹಾ ಮಾರಬೇಕು. 60 ರೂಪಾಯಿಯ ಕಾಫಿಯಲ್ಲಿ 38 ಉಳಿದರೆ 53 ಕಪ್ ಸಾಕು. ಎರಡನೆಯದು ಸುಲಭವಾಗಿ ಕಾಣುತ್ತದೆ. ಆದರೆ ಮಂಗಳವಾರ ಮಧ್ಯಾಹ್ನವೂ, ಮಳೆಯ ದಿನವೂ, ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾದ ಮೇಲೂ 60 ರೂಪಾಯಿ ಕೊಡುವ 53 ಮಂದಿ ತಿಕೋಟಾದಲ್ಲಿ ಸಿಗುತ್ತಾರೆಯೇ? ಅದನ್ನು ತಿಳಿಯಲು ಅಂಗಡಿ ತೆರೆಯಬೇಕೆಂದಿರುವ ಓಣಿಯ ಮೂಲೆಯಲ್ಲಿ ನಿಂತು ಬೆಳಗಿನಿಂದ ರಾತ್ರಿಯವರೆಗೆ ಓಡಾಡುವವರನ್ನು ಎಣಿಸಬೇಕು. ಬೇರೆ ದಾರಿ ಇಲ್ಲ. ಮಾಲೀಕ ತನ್ನ ಸ್ವಂತ ಪಗಾರವನ್ನು ಖರ್ಚಿನಲ್ಲಿ ಸೇರಿಸದಿದ್ದರೆ ಈ ಲೆಕ್ಕವೇ ಸುಳ್ಳು. ಒಳಾಂಗಣದ ಬಣ್ಣ, ದೀಪ, ಗೋಡೆಯ ಚಿತ್ರಕ್ಕೆ ಸುರಿದ ದುಡ್ಡು ಅಂಗಡಿ ಮುಚ್ಚಿದ ದಿನ ಸೊನ್ನೆ. ಯಂತ್ರ, ಫ್ರಿಜ್ಜುಗಳನ್ನಾದರೂ ಮಾರಬಹುದು.

ಹವಾಮಾನವೂ ಗಿರಾಕಿಯಷ್ಟೇ ಮುಖ್ಯ. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆಗ ಬಿಸಿ ಕಾಫಿಗಿಂತ ಮಸಾಲಾ ಮಜ್ಜಿಗೆ, ದ್ರಾಕ್ಷಿ ರಸ, ಇಂಡಿಯ ಲಿಂಬೆ ಹಿಂಡಿದ ಶರಬತ್ತು ಓಡುತ್ತವೆ. ತಿಕೋಟಾ ಭಾಗದಲ್ಲಿ ದ್ರಾಕ್ಷಿ ಕಟಾವು, ಒಣದ್ರಾಕ್ಷಿ ಶೆಡ್ಡುಗಳ ಕೆಲಸ ಜೋರಾಗಿರುವ ತಿಂಗಳುಗಳಲ್ಲಿ ಊರಲ್ಲಿ ಜನವೂ ಹಣವೂ ಓಡಾಡುತ್ತವೆ, ಉಳಿದಂತೆ ಕೈ ಬಿಗಿ. ಬೆಂಗಳೂರಿನ ಕೆಫೆಯ ಮೆನುವನ್ನು ಹಾಗೇ ತಂದರೆ ಈ ಏರಿಳಿತಕ್ಕೆ ಹೊಂದುವುದಿಲ್ಲ.

ಕಾಗದ ಪತ್ರಗಳನ್ನು ಮೊದಲೇ ಮಾಡಿಸಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ. ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಇಲ್ಲದೆ ಚಹಾ ಕೂಡ ಮಾರುವಂತಿಲ್ಲ; ಅದರ 14 ಅಂಕಿಯ ಸಂಖ್ಯೆ ಗಿರಾಕಿಗೆ ಕಾಣುವಂತಿರಬೇಕು. ಆಹಾರ ಮುಟ್ಟುವ ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯಾಗಬೇಕು. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಬೇರೆ. ಮನೆಯ 14.2 ಕೆ.ಜಿ. ಸಿಲಿಂಡರನ್ನು ಅಂಗಡಿಯಲ್ಲಿ ಬಳಸುವುದು ಅಪರಾಧ, 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನೇ ತರಬೇಕು.

ತೆರಿಗೆಯ ಪಾಠವನ್ನು ರಾಜ್ಯದ ಸಣ್ಣ ವ್ಯಾಪಾರಿಗಳು ಇತ್ತೀಚೆಗಷ್ಟೇ ಕಲಿತರು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಾವಿರಾರು ಮಂದಿಗೆ ನೋಟಿಸ್ ಕಳಿಸಿದಾಗ ಬೇಕರಿ, ಚಹಾ ಅಂಗಡಿಗಳವರು ಪ್ರತಿಭಟನೆಗಿಳಿದರು. ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ಸೇವೆಗಳಿಗೆ, ಅಂದರೆ ಹೋಟೆಲು ಕೆಫೆಗಳಿಗೂ, ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಲಾಭ ಆಗಿದೆಯೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೊದಲ ದಿನದಿಂದಲೇ ಜಮಾಖರ್ಚು ಬರೆದಿಡಬೇಕು.

ಕಲಿಯಲು ಜಾಗಗಳಿವೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಶಾಖೆ ವಿಜಯಪುರದಲ್ಲೂ ಇದೆ; ಸ್ವಂತ ಉದ್ಯೋಗ ಮಾಡುವವರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಕಾಫಿಯನ್ನೇ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಕಾಫಿ ಮಂಡಳಿ ‘ಕಾಪಿ ಶಾಸ್ತ್ರ’ ಎಂಬ ತರಬೇತಿ ನಡೆಸುತ್ತದೆ. ಬಂಡವಾಳಕ್ಕೆ ಮುದ್ರಾ ಯೋಜನೆಯಲ್ಲಿ ಮೊದಲ ಸಲ ಸಾಲ ಪಡೆಯುವವರಿಗೆ 10 ಲಕ್ಷ ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಸಿಗುತ್ತದೆಂದು ಅಷ್ಟನ್ನೂ ಎತ್ತಬೇಕಿಲ್ಲ.

ವಿಜಯಪುರಕ್ಕಾಗಲಿ, ತಿಕೋಟಾ, ಬಬಲೇಶ್ವರಕ್ಕಾಗಲಿ ಒಳ್ಳೆಯ ಕೆಫೆಗಳು ಬೇಕು. ಹುಡುಗಿಯರು ಅಳುಕಿಲ್ಲದೆ ಕೂತು ಓದಬಲ್ಲ, ರೈತರು ವ್ಯಾಪಾರದ ಮಾತು ಮುಗಿಸಬಲ್ಲ ಜಾಗಗಳು ಊರಿಗೆ ಆಸ್ತಿ. ಅಂಥದ್ದೊಂದನ್ನು ಕಟ್ಟುವ ಮನಸ್ಸಿರುವವರು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಒಂದು ತಿಂಗಳು ಯಾವುದಾದರೂ ಖಾನಾವಳಿಯಲ್ಲೋ ಚಹಾ ಅಂಗಡಿಯಲ್ಲೋ ಕೇಳಿಕೊಂಡು ಕೆಲಸಕ್ಕೆ ನಿಲ್ಲಿ. ಗ್ಲಾಸು ತೊಳೆಯಿರಿ, ಹಾಲಿನ ಲೆಕ್ಕ ಬರೆಯಿರಿ, ರಾತ್ರಿ ಗಲ್ಲೆ ಎಣಿಸುವಾಗ ಪಕ್ಕದಲ್ಲಿರಿ. ಆ ಮೇಲೂ ಆಸೆ ಉಳಿದಿದ್ದರೆ ಸಣ್ಣದಾಗಿ ತೆರೆಯಿರಿ, ಆರು ತಿಂಗಳ ಖರ್ಚನ್ನು ಬೇರೆ ತೆಗೆದಿಟ್ಟು ತೆರೆಯಿರಿ.